‘ಗೈರು’, ‘ದೂರ ಉಳಿಯಿತು’, ‘ತಟಸ್ಥ ಮತ’: ಮಹಾಸಭೆಯ ಮತದಾನಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ವಿಶ್ವಸಂಸ್ಥೆಯ ಮಹಾಸಭೆ ನಡೆಯುವ ಬಗೆಯನ್ನು ಪ್ರೌಢಶಾಲೆಯ ಮಕ್ಕಳಿಗೆ ವಿವರಿಸುವ ಲೇಖನವೊಂದನ್ನು ಬರೆಯುತ್ತಿದ್ದೇನೆ. ಸಭೆಯ ಹೆಸರಿನ ಬಗ್ಗೆ ನನಗೆ ಗೊಂದಲವಿಲ್ಲ. ‘ಸಾಮಾನ್ಯ ಸಭೆ’ ಎಂದು ಬರೆಯುವವರಿದ್ದಾರೆ. ಆದರೆ ‘ಸಾಮಾನ್ಯ’ ಎಂದೊಡನೆ ವಿಶೇಷವೇನೂ ಇಲ್ಲದ್ದು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. 193 ಸದಸ್ಯ ದೇಶಗಳೂ ಕೂಡುವ, ದೊಡ್ಡದಿರಲಿ ಚಿಕ್ಕದಿರಲಿ ಪ್ರತಿ ದೇಶಕ್ಕೂ ಒಂದೇ ಮತವಿರುವ ಸಭೆಗೆ ‘ಮಹಾಸಭೆ’ಯೇ ಒಪ್ಪುತ್ತದೆ. ನಾನು ಸಿಕ್ಕಿಬಿದ್ದಿರುವುದು ಮತದಾನದ ಭಾಗದಲ್ಲಿ: ಹಾಜರಿದ್ದೂ ಪರ ಅಥವಾ ವಿರುದ್ಧ ಮತ ಕೊಡದಿರುವುದಕ್ಕೆ (ಇಂಗ್ಲಿಷಿನ abstain) ಕನ್ನಡದಲ್ಲಿ ಏನೆನ್ನಬೇಕು?

2022ರ ಮಾರ್ಚ್ 2ರ ಮತದಾನವನ್ನೇ ನೋಡಿ. ಉಕ್ರೇನಿನಿಂದ ರಷ್ಯಾ ತನ್ನ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂಬ ನಿರ್ಣಯಕ್ಕೆ ಪರವಾಗಿ 141, ವಿರುದ್ಧವಾಗಿ 5 ಮತ ಬಿದ್ದವು. ಭಾರತವೂ ಸೇರಿ 35 ದೇಶಗಳು ಎರಡೂ ಕಡೆ ಸೇರಲಿಲ್ಲ. ಉಳಿದ 12 ದೇಶಗಳು ಮತದಾನದಲ್ಲಿ ಭಾಗವಹಿಸಲೇ ಇಲ್ಲ. ಸಭಾಂಗಣದ ಫಲಕದಲ್ಲಿ ಪರ ಎಂದರೆ ಹಸಿರು, ವಿರುದ್ಧ ಎಂದರೆ ಕೆಂಪು, ಆ 35ರ ಮುಂದೆ ಹಳದಿ. ಈ 12ರ ಮುಂದೆ ಯಾವ ಬಣ್ಣವೂ ಇಲ್ಲ.

ಹಳದಿಗೂ ಖಾಲಿಗೂ ನಾವು ಒಂದೇ ಪದವನ್ನು ಬಳಸುತ್ತಿದ್ದೇವೆ ಎಂಬುದು ನನ್ನ ಸಂಕಟ. ‘ಮತದಾನಕ್ಕೆ ಭಾರತ ಗೈರು’ ಎಂಬ ತಲೆಬರಹ ಓದಿದವರು ನಮ್ಮ ಪ್ರತಿನಿಧಿ ಸಭೆಗೇ ಹೋಗಿರಲಿಲ್ಲ ಎಂದುಕೊಳ್ಳುತ್ತಾರೆ. ಅವರು ಅಲ್ಲೇ ಕುಳಿತು ಗುಂಡಿ ಒತ್ತಿದ್ದಾರೆ, ಏಕೆ ಹಾಗೆ ಮಾಡಿದೆವು ಎಂದು ಎದ್ದು ನಿಂತು ವಿವರಿಸಿಯೂ ಇದ್ದಾರೆ. ‘ಮತದಾನದಿಂದ ದೂರ ಉಳಿಯಿತು’ ಎಂಬುದು ಕೇಳಲು ಹಿತವಾಗಿದ್ದರೂ ಬಹಿಷ್ಕಾರದ ಛಾಯೆ ಅದಕ್ಕಿದೆ.

ಇನ್ನು ‘ತಟಸ್ಥ ಮತ ಚಲಾಯಿಸಿತು’. ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು. ವಿಶ್ವಸಂಸ್ಥೆಯ ಮೂಲ ಒಪ್ಪಂದವಾದ ಸನ್ನದಿನ 18ನೇ ವಿಧಿಯ ಪ್ರಕಾರ ಶಾಂತಿ ಮತ್ತು ಭದ್ರತೆ, ಹೊಸ ಸದಸ್ಯರ ಸೇರ್ಪಡೆ, ಆಯವ್ಯಯದಂಥ ಮುಖ್ಯ ವಿಷಯಗಳಿಗೆ ಹಾಜರಿದ್ದು ಮತ ಚಲಾಯಿಸಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಮತ ಚಲಾಯಿಸಿದವರು ಯಾರು? ಪರ ಅಥವಾ ವಿರುದ್ಧ ಎಂದವರು ಮಾತ್ರ. ಹಳದಿ ಗುಂಡಿ ಒತ್ತಿದವರನ್ನು ಮತ ಚಲಾಯಿಸದವರೆಂದೇ ಎಣಿಸಬೇಕು ಎಂದು ಮಹಾಸಭೆಯ ಕಾರ್ಯವಿಧಾನದ 86ನೇ ನಿಯಮ ಬಿಡಿಸಿ ಹೇಳುತ್ತದೆ. ಲೆಕ್ಕ ಹಾಕಿ ನೋಡಿ: 80 ಪರ, 40 ವಿರುದ್ಧ, 60 ಹಳದಿ. ನಿಯಮದಂತೆ 120ರಲ್ಲಿ 80, ನಿರ್ಣಯ ಗೆದ್ದಿತು. ಆ 60ನ್ನೂ ‘ಮತ’ ಎಂದು ಎಣಿಸಿದರೆ 180ರಲ್ಲಿ 120 ಬೇಕಾಗುತ್ತದೆ, ನಿರ್ಣಯ ಬಿದ್ದುಹೋಗುತ್ತದೆ. ‘ತಟಸ್ಥ ಮತ’ ಎಂದು ಕಲಿತ ಮಗು ಈ ಎರಡನೆಯ ಲೆಕ್ಕವನ್ನೇ ಮಾಡುತ್ತದೆ.

ಆದ್ದರಿಂದ ಸದ್ಯಕ್ಕೆ ‘ತಟಸ್ಥವಾಗಿ ಉಳಿದವು’ ಎಂದು ಬರೆದಿದ್ದೇನೆ, ‘ಗೈರು’ ಪದವನ್ನು ಬಣ್ಣವಿಲ್ಲದ 12ಕ್ಕೆ ಮೀಸಲಿಟ್ಟಿದ್ದೇನೆ. ತಟಸ್ಥ ಎಂದರೆ ದಡದಲ್ಲಿ ನಿಂತವನು. ಹೊಳೆಯ ಹತ್ತಿರವೇ ಇದ್ದಾನೆ, ಇಳಿದಿಲ್ಲ. ಚಿತ್ರ ಚೆನ್ನಾಗಿದೆ. ಆದರೆ ಯಾರ ಪಕ್ಷವೂ ಅಲ್ಲ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿದೆ. ನಿರ್ಣಯದ ಆಶಯವನ್ನು ಒಪ್ಪಿ ಒಂದು ವಾಕ್ಯಕ್ಕಾಗಿ ಮಾತ್ರ ಮತ ಕೊಡದ ದೇಶವನ್ನು ತಟಸ್ಥ ಎನ್ನಬಹುದೇ? ‘ಮತ ತಡೆಹಿಡಿದವು’ ಎಂದು ಬರೆದು ನೋಡಿದೆ. ಭದ್ರತಾ ಮಂಡಳಿಯಲ್ಲಿ ನಿರ್ಣಯವನ್ನೇ ತಡೆಯುವ ವಿಟೊ ಅಧಿಕಾರದ ಜೊತೆ ಕಲಸಿಹೋಗುತ್ತದೆಂದು ಹೊಡೆದುಹಾಕಿದೆ.

‘ಗೈರು’ ಕೂಡ ಪೂರ್ತಿ ನೆಮ್ಮದಿ ಕೊಡುತ್ತಿಲ್ಲ. ಎರಡು ವರ್ಷಗಳ ವಂತಿಗೆಯಷ್ಟು ಬಾಕಿ ಉಳಿಸಿಕೊಂಡ ದೇಶ 19ನೇ ವಿಧಿಯಂತೆ ಮತದ ಹಕ್ಕು ಕಳೆದುಕೊಳ್ಳುತ್ತದೆ. ಅದರ ಪ್ರತಿನಿಧಿ ಸಭೆಯಲ್ಲೇ ಕುಳಿತಿದ್ದರೂ ಹೆಸರಿನ ಮುಂದೆ ಬಣ್ಣ ಬರುವುದಿಲ್ಲ.

ನನ್ನ ಪ್ರಶ್ನೆಗಳು ಎರಡು. ಹಾಜರಿದ್ದೂ ಮತ ಕೊಡದಿರುವುದಕ್ಕೆ ಹಳೆಯ ಬರವಣಿಗೆಯಲ್ಲಿ ಒಂದೇ ಕ್ರಿಯಾಪದ ಯಾರಿಗಾದರೂ ಸಿಕ್ಕಿದೆಯೇ? ಬಣ್ಣವಿಲ್ಲದವರನ್ನೆಲ್ಲ ಒಟ್ಟಾಗಿ ಏನೆನ್ನೋಣ?