21 ಲಕ್ಷದ ಆಫರ್, ತಿಂಗಳಿಗೆ ಕೈಗೆ 1 ಲಕ್ಷ: ಚಾಕಣ ಬಿಟ್ಟು ಖರಾಡಿಗೆ ಹೋಗುವ ಮುಂಚೆ

ನೀವು ಕೇಳಿದ್ದನ್ನು ಮೊದಲು ಬರೆದುಬಿಡುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ. ನಿಮ್ಮ ಮನೆ ಪುಣೆಯ ವಾಕಡ್‌ನಲ್ಲಿ. ಚಾಕಣದಲ್ಲಿ ಗಾಡಿ ಬಿಡಿಭಾಗ ಮಾಡುವ ಕಂಪನಿಯಲ್ಲಿ 6 ವರ್ಷದಿಂದ ಎಚ್‌ಆರ್ ಕೆಲಸ. ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 12.5 ಲಕ್ಷ, ತಿಂಗಳಿಗೆ ಕೈಗೆ 82 ಸಾವಿರ. ಈಗ ಖರಾಡಿಯಲ್ಲಿ ದೊಡ್ಡ ಅಮೆರಿಕನ್ ಟೆಕ್ ಕಂಪನಿಯೊಂದು ಎಚ್‌ಆರ್ ಆಪರೇಷನ್ಸ್‌ಗೆ 21 ಲಕ್ಷ ಕೊಡ್ತೀವಿ ಅಂದಿದೆ. ಒಪ್ಪಿಕೊಳ್ಳಲಾ, ಇನ್ನೂ ಕೇಳಲಾ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಧಾರವಾಡದವಳು, ಪುಣೆಗೆ ಬಂದು 13 ವರ್ಷ ಆಯಿತು. ಎರಡು ಟೆಕ್ ಕಂಪನಿಗಳಲ್ಲಿ ಕೋಡಿಂಗ್ ಅಲ್ಲದ ಕೆಲಸವನ್ನೇ ಮಾಡಿದ್ದೇನೆ. ಮೊದಲು ಎಚ್‌ಆರ್, ಈಗ ವೆಂಡರ್‌ಗಳನ್ನು ನೋಡಿಕೊಳ್ಳುವುದು.

ನೀವು ಕೊಟ್ಟ ವಿವರ ಹಿಡಿದು ಲೆಕ್ಕ ಹಾಕಿದೆ. ಫಿಕ್ಸೆಡ್ 15 ಲಕ್ಷ, ವೇರಿಯೇಬಲ್ (ಕೆಲಸ ನೋಡಿ ಕೊಡುವ ಭಾಗ) 1.5 ಲಕ್ಷ, ಜಾಯಿನಿಂಗ್ ಬೋನಸ್ 1.5 ಲಕ್ಷ, ಶೇರು ವರ್ಷಕ್ಕೆ 3 ಲಕ್ಷದ ಹಾಗೆ 4 ವರ್ಷ. ಆ 15 ಲಕ್ಷದಲ್ಲಿ ಅರ್ಧ ಬೇಸಿಕ್ ಅಂತ ಇಟ್ಟುಕೊಳ್ಳಿ, 7.5 ಲಕ್ಷ. ಅದರ ಶೇಕಡಾ 12, ಅಂದರೆ 90 ಸಾವಿರ, ಕಂಪನಿ ಕಟ್ಟುವ ಪಿಎಫ್. ಶೇಕಡಾ 4.81, ಸುಮಾರು 36 ಸಾವಿರ, ಕೆಲಸ ಬಿಡುವಾಗ ಸಿಗುವ ಗ್ರಾಚುಟಿಗೆ. ಇವೆರಡೂ ಆ 15 ಲಕ್ಷದ ಒಳಗೇ ಇರುತ್ತವೆ. ಆಮೇಲೆ ನಿಮ್ಮ ಕಡೆಯ ಪಿಎಫ್ ಇನ್ನೊಂದು 90 ಸಾವಿರ, ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ 2,500. ಹೊಸ ತೆರಿಗೆ ಪದ್ಧತಿಯಲ್ಲಿ 12.75 ಲಕ್ಷದ ಸಂಬಳದವರೆಗೆ ತೆರಿಗೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನೀವು ಆ ಗೆರೆ ದಾಟುತ್ತೀರಿ, ಹಾಗಾಗಿ ಫಿಕ್ಸೆಡ್ ಮೇಲೆಯೇ ಸುಮಾರು 78 ಸಾವಿರ ತೆರಿಗೆ ಬರುತ್ತದೆ. ಎಲ್ಲ ಕಳೆದರೆ ತಿಂಗಳಿಗೆ ಉಳಿಯುವುದು 1 ಲಕ್ಷ.

21 ಲಕ್ಷ ಅಂದಾಗ ನಿಮ್ಮ ಮನಸ್ಸಿಗೆ ಬಂದಿದ್ದು ತಿಂಗಳಿಗೆ 1.75 ಲಕ್ಷ ಅಲ್ವಾ? ನಿಜವಾಗಿ ಬಾಡಿಗೆ, ಇಎಂಐ, ಊರಿಗೆ ಕಳಿಸುವ ದುಡ್ಡು ಇದಕ್ಕೆಲ್ಲ ಸಿಗುವುದು ಈಗಿನದಕ್ಕಿಂತ 18 ಸಾವಿರ ಜಾಸ್ತಿ, ಅಷ್ಟೇ. ಇದು ಕಡಿಮೆ ಅಂತ ನಾನು ಹೇಳುತ್ತಿಲ್ಲ. ಈ 18 ಸಾವಿರಕ್ಕೆ ಏನೇನು ಬದಲಾಗುತ್ತದೆ ಅಂತ ಮಾತ್ರ ನೋಡಿಕೊಳ್ಳಿ. ವಾಕಡ್‌ನಿಂದ ಖರಾಡಿ ಅಂದರೆ ಊರಿನ ಆ ತುದಿ. ಮೆಟ್ರೋ ಹಿಡಿದರೂ ರಾಮವಾಡಿಯಲ್ಲಿ ಇಳಿದು ಮತ್ತೆ ರಿಕ್ಷಾ ಹುಡುಕಬೇಕು. ಎಚ್‌ಆರ್ ಆಪರೇಷನ್ಸ್ ಅಮೆರಿಕದವರಿಗಾಗಿ ಇದ್ದರೆ ರಾತ್ರಿ ಪಾಳಿ ಬರಬಹುದು, ಕ್ಯಾಬ್ ಮನೆ ಬಾಗಿಲಿಗೆ ಬರುತ್ತದಾ ಅಂತ ಕೇಳಿ. ಅಪ್ಪ ಅಮ್ಮ ಇನ್ಶೂರೆನ್ಸ್‌ನಲ್ಲಿ ಬರುತ್ತಾರಾ, ಪ್ರೀಮಿಯಂ ನಿಮ್ಮ ಸಂಬಳದಿಂದ ಕಳೆಯುತ್ತಾರಾ ಅದನ್ನೂ ಕೇಳಿ.

ಎರಡನೇ ವರ್ಷದ ಲೆಕ್ಕವನ್ನು ಬೇರೆಯೇ ಬರೆದುಕೊಳ್ಳಿ. ಜಾಯಿನಿಂಗ್ ಬೋನಸ್ ಒಂದೇ ಸಲ ಬರುವ ದುಡ್ಡು, ಮುಂದಿನ ವರ್ಷ 21 ಇದ್ದದ್ದು 19.5 ಆಗುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ ಅಮ್ಮನ ಆರೋಗ್ಯ ಕೆಟ್ಟಿತು ಅಂತ 10 ತಿಂಗಳಿಗೆ ಕೆಲಸ ಬಿಟ್ಟು ಗದಗಕ್ಕೆ ಹೋದಳು. ಕಂಪನಿ ಬೋನಸ್ ವಾಪಸ್ ಕೇಳಿತು. ಅವಳ ಕೈಗೆ ಬಂದದ್ದು ತೆರಿಗೆ ಕಳೆದ ಮೊತ್ತ, ಅವರು ಕೇಳಿದ್ದು ತೆರಿಗೆಗೆ ಮುಂಚಿನ ಪೂರ್ತಿ ಮೊತ್ತ. ಆ ತಿಂಗಳು ಅವಳು ಪಟ್ಟ ಕಷ್ಟ ನಾನು ಕಣ್ಣಾರೆ ನೋಡಿದ್ದೇನೆ. ಎಷ್ಟು ತಿಂಗಳ ಷರತ್ತು, ಪೂರ್ತಿನಾ ಅಥವಾ ಉಳಿದ ತಿಂಗಳ ಲೆಕ್ಕಕ್ಕಾ, ಆಫರ್ ಲೆಟರ್‌ನಲ್ಲಿ ಓದಿ.

ಶೇರಿನ ವಿಷಯದಲ್ಲಿ ವೆಸ್ಟಿಂಗ್ ಹೇಗೆ, ಅಂದರೆ ಯಾವಾಗ ಎಷ್ಟು ಶೇರು ನಿಮ್ಮದಾಗುತ್ತದೆ ಅಂತ ಕೇಳಲೇಬೇಕು. ಹಲವು ಕಂಪನಿಗಳಲ್ಲಿ ಮೊದಲ ಒಂದು ವರ್ಷ ಏನೂ ಸಿಗುವುದಿಲ್ಲ. ಅಮೆಜಾನ್‌ನಲ್ಲಿ ಬಹಳ ಕಾಲ ಮೊದಲ ವರ್ಷ ಶೇಕಡಾ 5, ಎರಡನೇ ವರ್ಷ 15, ಆಮೇಲೆ 40, 40 ಅಂತ ಇತ್ತು. ಹಾಗಿದ್ದರೆ ವರ್ಷಕ್ಕೆ 3 ಲಕ್ಷ ಅನ್ನುವ ಲೆಕ್ಕವೇ ತಪ್ಪು. ಶೇರು ನಿಮ್ಮ ಹೆಸರಿಗೆ ಬಂದ ದಿನದ ಬೆಲೆ ಸಂಬಳಕ್ಕೆ ಸೇರುತ್ತದೆ, ಮಾರದಿದ್ದರೂ ತೆರಿಗೆ ಕಟ್ಟಬೇಕು. ಅಮೆರಿಕದ ಶೇರು ಕೈಯಲ್ಲಿದ್ದರೆ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು. ನಮ್ಮ ಸೊಸೈಟಿಯ ಒಬ್ಬರು ಇದನ್ನು ಮರೆತು ಆಮೇಲೆ ಸಿಎ ಹತ್ತಿರ ಓಡಾಡಿದರು. ನಾನಂತೂ ಶೇರನ್ನು ಮನೆ ಖರ್ಚಿನ ಲೆಕ್ಕದಲ್ಲಿ ಸೇರಿಸುವುದೇ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಲೆವೆಲ್, ಅಂದರೆ ಕಂಪನಿಯೊಳಗೆ ನಿಮ್ಮ ದರ್ಜೆ. 2018ರಲ್ಲಿ ನಾನು ಸೇರಿದಾಗ ಹಳೆ ಸಂಬಳದ ಸ್ಲಿಪ್ ಕೇಳಿದರು, ಅದರ ಮೇಲೆ ಶೇಕಡಾ 35 ಸೇರಿಸಿ ಆಫರ್ ಕೊಟ್ಟರು, ನಾನು ಖುಷಿಯಿಂದ ಸಹಿ ಹಾಕಿದೆ. ಯಾವ ಲೆವೆಲ್‌ಗೆ ಸೇರಿಸುತ್ತಿದ್ದಾರೆ ಅಂತ ಕೇಳಲೇ ಇಲ್ಲ. ಆರು ತಿಂಗಳ ನಂತರ ನನ್ನಷ್ಟೇ ಅನುಭವದ ಇನ್ನೊಬ್ಬರು ಅದೇ ಕೆಲಸಕ್ಕೆ ಒಂದು ಲೆವೆಲ್ ಮೇಲೆ ಬಂದರು. ಹೈಕ್, ಬೋನಸ್‌ನ ಶೇಕಡಾ, ಶೇರು, ಎಲ್ಲ ಲೆವೆಲ್‌ಗೆ ತಕ್ಕಂತೆ. ಆ ಒಂದು ಮೆಟ್ಟಿಲು ಹತ್ತಲು ನನಗೆ ಮೂರು ವರ್ಷ ಬೇಕಾಯಿತು. ಅದು ಇವತ್ತಿಗೂ ನೋವಾಗುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಂಪನಿಗಳ ಸಂಬಳ ತೋರಿಸುವ ಲೆವೆಲ್ಸ್ ಡಾಟ್ ಎಫ್‌ವೈಐ ಸೈಟ್ ನೋಡಿ ಅದೇ ಲೆವೆಲ್‌ಗೆ 40 ಲಕ್ಷ ಇದೆ ಅಂತ ಬರೆದಿದ್ದೀರಿ. ಅಲ್ಲಿರುವ ಅಂಕಿ ಹೆಚ್ಚಾಗಿ ಸಾಫ್ಟ್‌ವೇರ್ ಎಂಜಿನಿಯರ್‌ಗಳದ್ದು. ಲೆವೆಲ್ ಒಂದೇ ಇದ್ದರೂ ಎಚ್‌ಆರ್, ಫೈನಾನ್ಸ್, ಪರ್ಚೇಸ್‌ಗೆ ಪೇ ಬ್ಯಾಂಡ್ (ಕನಿಷ್ಠದಿಂದ ಗರಿಷ್ಠದವರೆಗಿನ ಸಂಬಳದ ಮಿತಿ) ಬೇರೆ, ಶೇರು ಇನ್ನೂ ಕಡಿಮೆ. ಅದನ್ನು ರಿಕ್ರೂಟರ್ ಮುಂದೆ ಇಡಬೇಡಿ. ಬದಲಿಗೆ ನೇರವಾಗಿ ಕೇಳಿ: "ಈ ಹುದ್ದೆ ಯಾವ ಲೆವೆಲ್, ಪುಣೆಯಲ್ಲಿ ಎಚ್‌ಆರ್‌ಗೆ ಆ ಲೆವೆಲ್‌ನ ಬ್ಯಾಂಡ್ ಎಷ್ಟು, ನಾನು ಅದರಲ್ಲಿ ಎಲ್ಲಿದ್ದೇನೆ?" ಬ್ಯಾಂಡ್‌ನ ಕೆಳಗಿದ್ದರೆ ಫಿಕ್ಸೆಡ್ ಜಾಸ್ತಿ ಕೇಳಿ. ಮೇಲೆಯೇ ಇದ್ದರೆ ಫಿಕ್ಸೆಡ್ ಅಲುಗಾಡುವುದು ಕಷ್ಟ, ಆಗ ಜಾಯಿನಿಂಗ್ ಬೋನಸ್ ಕೇಳಿ. ಈಗ ಬಿಟ್ಟರೆ ಚಾಕಣದ ವರ್ಷದ ಬೋನಸ್ ಹೋಗುತ್ತದೆ ಅಂದಿರಲ್ಲ, ಅದನ್ನೇ ಕಾರಣ ಕೊಡಿ. ಇಂಥ ಕಾರಣಕ್ಕೆ ಅವರು ಕಿವಿ ಕೊಡುತ್ತಾರೆ.

ಒಂದು ಭಯವನ್ನೂ ಹೇಳಬೇಕು. 2022ರ ನವೆಂಬರ್‌ನಲ್ಲಿ ಮೆಟಾ 11 ಸಾವಿರ ಜನರನ್ನು ತೆಗೆದಾಗ ರಿಕ್ರೂಟಿಂಗ್ ತಂಡಕ್ಕೆ ಜಾಸ್ತಿ ಪೆಟ್ಟು ಅಂತ ಅವರೇ ಹೇಳಿದ್ದರು. 2023ರ ಜನವರಿಯಲ್ಲಿ ಅಮೆಜಾನ್ 18 ಸಾವಿರಕ್ಕೂ ಹೆಚ್ಚು ಅಂದಾಗಲೂ ದೊಡ್ಡ ಪಾಲು ಸ್ಟೋರ್ಸ್ ಮತ್ತು ಎಚ್‌ಆರ್ ವಿಭಾಗದ್ದು. ನಮ್ಮಂಥ ಕೆಲಸದವರು ಆರು ತಿಂಗಳ ಖರ್ಚು ಪಕ್ಕಕ್ಕಿಟ್ಟುಕೊಂಡೇ ಹೋಗಬೇಕು. ಆಫರ್ ಆ ಕಂಪನಿಯದ್ದೇನಾ, ಇಲ್ಲ ಅವರಿಗೆ ಜನ ಒದಗಿಸುವ ಮಧ್ಯದ ವೆಂಡರ್ ಪೇರೋಲ್‌ನದ್ದಾ ಅಂತಲೂ ನೋಡಿ. ವೆಂಡರ್ ಪೇರೋಲ್ ಆದರೆ ನಾನು ಹೋಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಅನುಭವಕ್ಕೆ ಸರಿಯಾದ ಲೆವೆಲ್ ಸಿಕ್ಕಿದರೆ ಹೋಗಿ. ಲೆವೆಲ್ ಕೆಳಗಿದ್ದು ಬರೀ 21 ಅನ್ನುವ ಅಂಕಿ ದೊಡ್ಡದಿದ್ದರೆ ನಿಲ್ಲಿ.

ಮತ್ತೆ ಒಂದು, ನಿಮ್ಮದು 5 ವರ್ಷ ದಾಟಿರುವುದರಿಂದ ಚಾಕಣದ ಕಂಪನಿ ಗ್ರಾಚುಟಿ ಕೊಡಬೇಕು, ವರ್ಷಕ್ಕೆ 15 ದಿನದ ಬೇಸಿಕ್ ಲೆಕ್ಕದಲ್ಲಿ. ಬಿಡುವಾಗ ಅರ್ಜಿ ಕೊಡುವುದನ್ನು ಮರೆಯಬೇಡಿ, ಪಿಎಫ್ ತೆಗೆಯದೆ ಹೊಸ ಕಂಪನಿಗೆ ವರ್ಗ ಮಾಡಿಸಿ. ರಾಜೀನಾಮೆ ಮಾತ್ರ ಆಫರ್ ಲೆಟರ್ ಕೈಗೆ ಬಂದ ಮೇಲೆ. ಲೆಟರ್ ಬಂದಾಗ ಹೆಸರು ಅಳಿಸಿ ಸಂಬಳದ ಬ್ರೇಕಪ್ ಪುಟ ಇಲ್ಲಿ ಹಾಕಿ, ಭಾನುವಾರ ಕೂತು ಸಾಲು ಸಾಲಾಗಿ ನೋಡಿ ಹೇಳುತ್ತೇನೆ.