ಮಳೆ, ಕೊಳೆರೋಗ ಮತ್ತು 0.8 ಎಂಬ ಅಂಕಿ

ಪ್ರಶ್ನೆ (ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ): ಅಪ್ಪಯ್ಯ ಬರೆದಿಟ್ಟಿರುವ ಹತ್ತು ವರ್ಷಗಳ ಜುಲೈ ಮಳೆಯ ಲೆಕ್ಕಕ್ಕೂ ಕೊಳೆರೋಗದಿಂದ ಉದುರಿದ ಅಡಿಕೆಯ ತೂಕಕ್ಕೂ ಸಹಸಂಬಂಧ ಗುಣಾಂಕ (ಎರಡು ಲೆಕ್ಕಗಳು ಎಷ್ಟರಮಟ್ಟಿಗೆ ಸರಳರೇಖೆಯಂತೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ತೆಗೆದಾಗ 0.8 ಬಂದಿತು. ಹಾಗಾದರೆ ಒಂದು ಇಂಚು ಮಳೆ ಹೆಚ್ಚಿದರೆ 0.8 ಕಿಲೋ ಅಡಿಕೆ ಹೆಚ್ಚಾಗಿ ಉದುರುತ್ತದೆ ಎಂದು ತಿಳಿಯಬಹುದೇ?

ಉತ್ತರ 1: ಹಾಗೆ ತಿಳಿಯಲಾಗದು. ಈ ಗುಣಾಂಕಕ್ಕೆ ಇಂಚು, ಕಿಲೋ ಯಾವುದೂ ಅಂಟುವುದಿಲ್ಲ. ಮಳೆಯನ್ನು ಮಿಲಿಮೀಟರಿನಲ್ಲಿ ಬರೆದರೂ ಅದು 0.8 ಆಗಿಯೇ ಉಳಿಯುತ್ತದೆ. ನೀವು ಕೇಳುತ್ತಿರುವುದು ರಿಗ್ರೆಷನ್ ರೇಖೆಯ, ಅಂದರೆ ಗ್ರಾಫಿನ ಚುಕ್ಕಿಗಳಿಗೆ ಚೆನ್ನಾಗಿ ಹೊಂದುವ ಸರಳರೇಖೆಯ, ಇಳಿಜಾರನ್ನು. ಅದಕ್ಕಾಗಿ 0.8 ಅನ್ನು ಉದುರಿದ ಅಡಿಕೆಯ ತೂಕದ ಮಾನಕ ವಿಚಲನೆಯಿಂದ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಗುಣಿಸಿ, ಮಳೆಯ ಮಾನಕ ವಿಚಲನೆಯಿಂದ ಭಾಗಿಸಬೇಕು. ಅವು ಕ್ರಮವಾಗಿ 30 ಕಿಲೋ ಮತ್ತು 12 ಇಂಚು ಎಂದಿಟ್ಟುಕೊಂಡರೆ, ಇಳಿಜಾರು ಇಂಚಿಗೆ 2 ಕಿಲೋ ಆಗುತ್ತದೆ.

ಉತ್ತರ 2: ಮೇಲಿನವರ ಲೆಕ್ಕ ಸರಿ. ಆದರೆ ಮೊದಲು ಗ್ರಾಫ್ ಹಾಳೆಯಲ್ಲಿ ಹತ್ತು ಚುಕ್ಕಿಗಳನ್ನು ಇಟ್ಟು ನೋಡಿ. 1973ರಲ್ಲಿ ಆನ್‌ಸ್ಕೋಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ತೋರಿಸಿದ ನಾಲ್ಕು ದತ್ತಾಂಶಗಳಲ್ಲಿ ಗುಣಾಂಕ ಒಂದೇ, ಸುಮಾರು 0.82, ಚಿತ್ರಗಳು ಮಾತ್ರ ಒಂದಕ್ಕೊಂದು ಹೋಲುವುದಿಲ್ಲ. ಇನ್ನೊಂದು ಮಾತು: ಮಳೆ ಬಿಡದ ವರ್ಷ ಕೊನೆಗಾರರು ಜಾರುವ ಮರ ಹತ್ತಲಾಗದೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಸಿಂಪಡಣೆಯೂ ತಡವಾಗುತ್ತದೆ, ಆದ್ದರಿಂದ ನಷ್ಟದಲ್ಲಿ ಮಳೆಯ ಪಾಲೆಷ್ಟು, ತಡವಾದ ಔಷಧಿಯ ಪಾಲೆಷ್ಟು ಎಂಬುದನ್ನು ಆ 0.8 ಬಿಡಿಸಿ ಹೇಳಲಾರದು.

ಪ್ರಶ್ನೆ ಕೇಳಿದವರು: ಸಿಂಪಡಣೆಯ ತಾರೀಕುಗಳೂ ಅದೇ ಪುಸ್ತಕದಲ್ಲಿವೆ. ಅವನ್ನೂ ಸೇರಿಸಿ ನೋಡುತ್ತೇನೆ.