ಅಪ್ಪೆಮಿಡಿ ಬೇರೆ ಪ್ರಭೇದವೋ, ಬರೀ ಮಾವೋ?

ಬ್ಯಾಣದಮನೆ, ಸಿರ್ಸಿ:
ನಮ್ಮನೆ ಹಳ್ಳದ ಅಂಚಿಗೆ ಅಜ್ಜನ ಕಾಲದ ಅಪ್ಪೆ ಮರ ಇದೆ, ಉಪ್ಪಿನಕಾಯಿ ಮಿಡಿಯ ಮಾವು. ತೊಟ್ಟು ಮುರಿದರೆ ಸೊನೆಗೆ ಜೀರಿಗೆ ಪರಿಮಳ. ಹನ್ನೆರಡು ವರ್ಷದ ಹಿಂದೆ ಅದರದ್ದೇ ಗೊರಟು ತಂದು ಮೇಲೆ ಬ್ಯಾಣದಲ್ಲಿ, ಅಂದರೆ ಹುಲ್ಲುಗುಡ್ಡದಲ್ಲಿ, ಊರಿದ್ದೆ. ಹೋದ ವರ್ಷ ಮಿಡಿ ಬಿಟ್ಟಿತು. ಮೂಸಿದರೆ ಜೀರಿಗೆಯೂ ಇಲ್ಲ, ಪರಿಮಳವೂ ಇಲ್ಲ. ಆಯಿ ಉಪ್ಪಿಗೆ ಹಾಕಿದ್ದು ಆರೇ ತಿಂಗಳಿಗೆ ಮೆತ್ತಗಾಯಿತು. ಅಪ್ಪ ಹೇಳುವುದು, “ಹಳ್ಳದ ನೀರಿಲ್ಲೆ, ಪರಿಮಳ ಎಲ್ಲಿಂದ ಬರ್ತು?” ಪಿಯುಸಿ ಓದುವ ಮಗಳು, ಅಪ್ಪೆ ಬೇರೆಯೇ ಪ್ರಭೇದ, ಬ್ಯಾಣದ್ದು ಅದಲ್ಲವೇ ಅಲ್ಲ ಎನ್ನುತ್ತಾಳೆ. ಯಾರು ಸರಿ?

ಕುಮಟೆಯವ:
ಗೊರಟು ಊರಿದ್ದೇ ತಪ್ಪು ಮಾರಾಯ್ರೆ. ಕಸಿ ಕಟ್ಟಬೇಕಿತ್ತು.

ನಿವೃತ್ತ ಮೇಷ್ಟ್ರು, ಕಾರವಾರ:
ಮೊದಲು ಮಗಳಿಗೆ. ಅಪ್ಪೆ, ಅಂಕೋಲೆಯ ಕರಿ ಇಶಾಡ, ಆಪೂಸು ಎಲ್ಲ ಒಂದೇ ಪ್ರಭೇದ: ಮ್ಯಾಂಜಿಫೆರಾ ಇಂಡಿಕಾ. 1753ರಲ್ಲಿ ಲಿನ್ನೇಯಸ್ ಇಟ್ಟ ಹೆಸರು. ಇವೆಲ್ಲ ತಳಿಗಳು. ಒಂದರ ಪರಾಗ ಇನ್ನೊಂದಕ್ಕೆ ಕೂಡುತ್ತದೆ, ಹುಟ್ಟಿದ ಗಿಡವೂ ಹೂ ಕಾಯಿ ಬಿಡುತ್ತದೆ. ನಿಮ್ಮ ಬ್ಯಾಣದ ಮರಕ್ಕೆ ತಾಯಿ ಗೊತ್ತು, ತಂದೆ ಯಾರೋ! ಆಚೆಮನೆಯ ಕಾಟು ಮಾವೂ ಇರಬಹುದು.

ಹಾಗಂತ ಸೊನೆ ಕಡೆಗಣಿಸುವಂಥದ್ದಲ್ಲ. ಮಾವು, ಗೇರು, ಹೊಳೆಗೇರು ಮೂರೂ ಒಂದೇ ಕುಟುಂಬದವು. ಮಿಡಿ ಕೊಯ್ದವರ ಕೆನ್ನೆ ಸುಡುವುದು, ಗೇರುಬೀಜದ ಸಿಪ್ಪೆಯ ಎಣ್ಣೆಗೆ ಬೆರಳು ಏಳುವುದು, ಹೊಳೆಗೇರಿನ ಹತ್ತಿರ ಹೋಗಬೇಡ ಅಂತ ಹಿರಿಯರು ಗದರುವುದು, ಎಲ್ಲಕ್ಕೂ ಆ ಬಳಗದ ಸೊನೆಯೇ ಕಾರಣ. ಆದರೆ ಕುಟುಂಬ ಗುರುತಿಸಿದ್ದು ಮೈಸುಟ್ಟವರಲ್ಲ, ಹೂವು ಕಾಯಿ ಬಿಡಿಸಿ ನೋಡಿದವರು.

ಇನ್ನು ನಿಮ್ಮ ಅಪ್ಪ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನೀವು ಬೀಜವನ್ನೂ ಬದಲಿಸಿದಿರಿ, ಜಾಗವನ್ನೂ ಬದಲಿಸಿದಿರಿ. ಪರಿಮಳ ಹೋಗಿದ್ದಕ್ಕೆ ಯಾವುದನ್ನು ದೂರುತ್ತೀರಿ? ಕುಮಟೆಯವರ ಮಾತು ನನಗೂ ಸರಿ ಅನ್ನಿಸುತ್ತದೆ, ಆದರೆ ಅನ್ನಿಸುವುದು ಸಾಕ್ಷಿಯಲ್ಲ. ಅಜ್ಜನ ಮರದ ಕಸಿಕಡ್ಡಿಯನ್ನೇ ಹತ್ತು ಗಿಡಕ್ಕೆ ಕಟ್ಟಿ. ಬೇರಿನ ಗಿಡಗಳೆಲ್ಲ ಒಂದೇ ಕಾಟು ಮರದ ಗೊರಟಿನವು ಇರಲಿ. ಐದು ಹಳ್ಳದಂಚಿಗೆ, ಐದು ಬ್ಯಾಣಕ್ಕೆ. ಒಂದೊಂದೇ ನೆಟ್ಟರೆ ಗೆದ್ದಲು ತಿಂದ ಗಿಡ ನಿಮ್ಮ ವಾದವನ್ನೂ ತಿಂದುಹಾಕುತ್ತದೆ. ನೀರೇ ಕಾರಣವಾದರೆ ಬ್ಯಾಣದ ಐದರಲ್ಲಿ ಪರಿಮಳ ಇರಬಾರದು. ಇದನ್ನು ಇವತ್ತೇ ಬರೆದಿಡಿ. ಮಿಡಿ ಬಂದ ಮೇಲೆ ಬರೆದರೆ ಎಲ್ಲರೂ ಮೊದಲೇ ಹೇಳಿದ್ದವರೇ ಆಗುತ್ತಾರೆ. ಮೂಸುವವರಿಗೆ ಬರೀ ನಂಬರು ಕಾಣಬೇಕು, ಯಾವ ಜಾಗದ್ದೆಂದು ತಿಳಿಯಬಾರದು.

ಬ್ಯಾಣದಮನೆ, ಸಿರ್ಸಿ:
ಮಗಳಿಗೆ ಬೇಜಾರು, ಆದರೆ ನಂಬರಿನ ತಗಡು ಅವಳೇ ಕತ್ತರಿಸುತ್ತಿದ್ದಾಳೆ. ಕಸಿ ಈ ಮಳೆಗಾಲಕ್ಕೆ. ಮೂಸುವುದು ತಾನೇ ಅಂತ ಅಪ್ಪ ಹಟ ಹಿಡಿದಿದ್ದಾರೆ. ಆಗಬಹುದೇ?

ನಿವೃತ್ತ ಮೇಷ್ಟ್ರು, ಕಾರವಾರ:
ಧಾರಾಳವಾಗಿ. ನಂಬರಿನ ಪಟ್ಟಿ ಮಾತ್ರ ಮಗಳ ಹತ್ತಿರ ಇರಲಿ. ನಶ್ಯ ಏರಿಸುತ್ತಾರೋ?

ಬ್ಯಾಣದಮನೆ, ಸಿರ್ಸಿ:
ದಿನಕ್ಕೊಂದು ಡಬ್ಬಿ.

ನಿವೃತ್ತ ಮೇಷ್ಟ್ರು, ಕಾರವಾರ:
ಹಾಗಾದರೆ ಆಯಿಯನ್ನು ಕೂರಿಸಿ.